ಗಾಡಿಗಳು ಒಂದಕ್ಕೊಂದು ಮಾತಾಡಿದರೆ ನಮ್ಮ ಓಡಾಟದ ಗುಟ್ಟು ಉಳಿಯುತ್ತದಾ? ಸುಳ್ಳು ಹೇಳುವ ಗಾಡಿ ಸಿಕ್ಕಿಬೀಳುತ್ತದಾ?

ಘಟ್ಟದ ಸವಾರ · ಭಾನುವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ವಾರ ಆಗುಂಬೆ ಘಾಟಿ ಇಳಿಯುತ್ತಿದ್ದೆ. ಮಂಜು ಎಷ್ಟಿತ್ತು ಅಂದರೆ ಬಾನೆಟ್ಟಿನ ತುದಿಯಿಂದ ಆಚೆ ಏನೂ ಕಾಣುತ್ತಿರಲಿಲ್ಲ. ಅಂಥ ಹೊತ್ತಲ್ಲಿ ನಮಗಿರುವ ಆಸರೆ ಹಾರನ್ ಮತ್ತು ಹೆಡ್‌ಲೈಟ್ ಎರಡೇ. ಒಂದು ತಿರುವಿನಲ್ಲಿ ಎದುರಿಂದ ಟೆಂಪೋ ಬಂತು. ಇಬ್ಬರೂ ಬ್ರೇಕ್ ಒತ್ತಿದೆವು. ಗಾಡಿಗಳು ನಿಂತಾಗ ನಡುವೆ ಒಂದು ಮೊಳ ಜಾಗ ಇತ್ತು. ಟೆಂಪೋದವರು ಇಳಿದು ಬಂದು, ಏನೂ ಮಾತಾಡದೆ ನನ್ನ ಭುಜ ತಟ್ಟಿ ಹೋದರು.

ಮನೆಯಲ್ಲಿ ಇದನ್ನು ಹೇಳಿದಾಗ ಅಕ್ಕನ ಮಗ ಅಂದ: "ಮಾಮ, ಇನ್ನು ಮುಂದೆ ಗಾಡಿಗಳೇ ರೇಡಿಯೋದಲ್ಲಿ ಒಂದಕ್ಕೊಂದು ಹೇಳಿಕೊಳ್ಳುತ್ತವೆ. ತಿರುವಿನ ಆಚೆ ಯಾರು ಬರುತ್ತಿದ್ದಾರೆ ಅಂತ ಮೊದಲೇ ಗೊತ್ತಾಗುತ್ತದೆ." ಇದಕ್ಕೆ ವಿ2ವಿ, ಅಂದರೆ ವೆಹಿಕಲ್ ಟು ವೆಹಿಕಲ್, ಅನ್ನುತ್ತಾರಂತೆ. ಕೇಳಿ ಖುಷಿಯಾಯಿತು.

ಆದರೆ ರಾತ್ರಿ ಮಲಗಿದಾಗ ಹಳೆಯ ಒಂದು ಘಟನೆ ನೆನಪಾಯಿತು. ಈ ಕಾರನ್ನು ನಾನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತಗೊಂಡ ಎರಡು ತಿಂಗಳಿಗೆ ಹಳೆಯ ಮಾಲೀಕರ ಫೋನ್ ಬಂತು. "ಸರ್, ಗಾಡಿ ಈಗ ಆಸ್ಪತ್ರೆ ಹತ್ತಿರ ನಿಂತಿದೆ ಅಲ್ವಾ? ಮನೆಯಲ್ಲಿ ಎಲ್ಲರೂ ಆರಾಮಾ? ನನ್ನ ಫೋನಿನ ಆ್ಯಪಿನಲ್ಲಿ ಇನ್ನೂ ನಿಮ್ಮ ಗಾಡಿ ತೋರಿಸುತ್ತಿದೆ, ಮೊದಲು ತೆಗೆಸಿ." ಅವರು ಒಳ್ಳೆಯ ಮನುಷ್ಯರು, ಅದಕ್ಕೇ ಹೇಳಿದರು. ನಾನು ಆಗ ಅಮ್ಮನನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದೆ. ಮನೆಯವರಿಗೂ ಹೇಳಿರಲಿಲ್ಲ. ಎರಡು ತಿಂಗಳ ನನ್ನ ಓಡಾಟವೆಲ್ಲ ಬೇರೊಬ್ಬರ ಫೋನಿನಲ್ಲಿತ್ತು ಅಂತ ಗೊತ್ತಾದಾಗ ಮೈ ಜುಂ ಅಂದಿತು.

ಹಾಗಾಗಿ ಎರಡು ಪ್ರಶ್ನೆ. ನನ್ನ ಗಾಡಿ "ನಾನಿಲ್ಲಿದ್ದೇನೆ" ಅಂತ ದಾರಿಯುದ್ದಕ್ಕೂ ಕೂಗುತ್ತಾ ಹೋದರೆ, ಕೇಳಿಸಿಕೊಂಡವರು ಅದನ್ನು ಬರೆದಿಟ್ಟುಕೊಳ್ಳಬಹುದಾ? ಇನ್ನು, ಯಾವನೋ ಒಬ್ಬ ಸುಳ್ಳು ಕೂಗಿದರೆ, ಮುಂದೆ ರಸ್ತೆಯೇ ಇಲ್ಲ ಅಂತಲೋ ಬ್ರೇಕ್ ಹಾಕಿದೆ ಅಂತಲೋ, ಅವನನ್ನು ಹಿಡಿಯುವುದು ಹೇಗೆ? ಹೆಸರು ಮುಚ್ಚಿಟ್ಟರೆ ಕಳ್ಳ ಸಿಗುವುದಿಲ್ಲ. ಹೆಸರು ಬಿಚ್ಚಿಟ್ಟರೆ ನಾನು ಸಿಗುತ್ತೇನೆ. ಗೊತ್ತಿರುವವರು ದಯವಿಟ್ಟು ಹೇಳಿ.

ರೇಡಿಯೋ ಕೆಲಸದವ · ಭಾನುವಾರ, ಬೆಳಿಗ್ಗೆ 9:05

ಸವಾರರೇ, ಒಂಬತ್ತು ವರ್ಷದಿಂದ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಎರಡು ಪ್ರಶ್ನೆಗಳೇ ಈ ಇಡೀ ವಿಷಯದ ತಿರುಳು.

ಮೊದಲು ಗಾಡಿ ಏನು ಕೂಗುತ್ತದೆ ಅಂತ ನೋಡೋಣ. ಅಮೆರಿಕದ ಪದ್ಧತಿಯಲ್ಲಿ ಸೆಕೆಂಡಿಗೆ 10 ಸಲ ಒಂದು ಸಣ್ಣ ಸಂದೇಶ ಹೋಗುತ್ತದೆ. ಯುರೋಪಿನಲ್ಲಿ 1ರಿಂದ 10 ಸಲ. ಅದರಲ್ಲಿ ಗಾಡಿ ಇರುವ ಜಾಗ, ವೇಗ, ಹೋಗುತ್ತಿರುವ ದಿಕ್ಕು, ಬ್ರೇಕ್ ಒತ್ತಿದೆಯಾ ಇಲ್ಲವಾ, ಗಾಡಿಯ ಉದ್ದ, ಅಗಲ ಇಷ್ಟಿರುತ್ತದೆ. ನಂಬರ್ ಪ್ಲೇಟ್ ಇರುವುದಿಲ್ಲ, ಛಾಸಿ ನಂಬರ್ ಇರುವುದಿಲ್ಲ, ಮಾಲೀಕರ ಹೆಸರಂತೂ ಇಲ್ಲವೇ ಇಲ್ಲ. 5.9 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಸುಮಾರು 300 ಮೀಟರ್ ತನಕ ಕೇಳಿಸುತ್ತದೆ ಅಂತಿಟ್ಟುಕೊಳ್ಳಿ. ಘಾಟಿಯಲ್ಲಿ ಗುಡ್ಡ ಅಡ್ಡ ಬಂದರೆ ಅಷ್ಟು ದೂರ ಹೋಗುವುದಿಲ್ಲ, ಇದನ್ನು ನಿಮ್ಮ ಅಳಿಯನಿಗೂ ಹೇಳಿ.

ಈ ಸಂದೇಶಕ್ಕೆ ಬೀಗ ಹಾಕಿರುವುದಿಲ್ಲ. ಬೀಗ ಹಾಕಿದರೆ ಎದುರಿನ ಟೆಂಪೋಗೆ ಅರ್ಥವಾಗಬೇಕಲ್ಲ! ಆದರೆ ಪ್ರತಿ ಸಂದೇಶದ ಕೆಳಗೂ ಡಿಜಿಟಲ್ ಸಹಿ ಇರುತ್ತದೆ. ಸಹಿ ಸರಿಯಿಲ್ಲದ ಸಂದೇಶವನ್ನು ಎದುರಿನ ಗಾಡಿ ಬಿಸಾಕುತ್ತದೆ.

ಹಾಸನದ ಹುಡುಗಿ · ಭಾನುವಾರ, ಬೆಳಿಗ್ಗೆ 10:22

ಸರ್, ಹೆಸರಿಲ್ಲ ಅಂದ ಮಾತ್ರಕ್ಕೆ ನೆಮ್ಮದಿ ಬರುವುದಿಲ್ಲ. ನನ್ನ ಸ್ಕೂಟರ್ ದಿನಾ ಬೆಳಿಗ್ಗೆ 8:10ಕ್ಕೆ ನಮ್ಮ ಗೇಟಿನಿಂದ ಹೊರಡುತ್ತದೆ. ಸಂಜೆ ಅದೇ ಗೇಟಿಗೆ ಬರುತ್ತದೆ. ಹೆಸರು ಯಾಕೆ ಬೇಕು? ಆ ಗೇಟೇ ನನ್ನ ಹೆಸರು.

ಪ್ರತಿ ಸಂದೇಶಕ್ಕೂ ಸಹಿ ಇದೆ ಅಂದಿರಿ. ಒಂದೇ ಸಹಿ ಆದರೆ ಅದೂ ಗುರುತೇ ಅಲ್ವಾ? ಓದು ಬರಹ ಬಾರದವರ ಹೆಬ್ಬೆಟ್ಟು ಕೂಡ ಗುರುತೇ.

ಇದು ಸುಮ್ನೆ ಭಯವಲ್ಲ. ಟೈರಿನೊಳಗೆ ಗಾಳಿ ಎಷ್ಟಿದೆ ಅಂತ ಹೇಳುವ ಸೆನ್ಸರ್ ಇರುತ್ತದಲ್ಲ, ಅದು ಪ್ರತಿ ಸಲವೂ ತನ್ನದೇ ನಂಬರ್ ಜೊತೆ ರೇಡಿಯೋದಲ್ಲಿ ಕಳಿಸುತ್ತದೆ. 2010ರಲ್ಲಿ ಅಮೆರಿಕದ ರಟ್ಗರ್ಸ್ ಮತ್ತು ಸೌತ್ ಕೆರೊಲಿನಾ ವಿಶ್ವವಿದ್ಯಾಲಯದವರು ಅದನ್ನು 40 ಮೀಟರ್ ದೂರದಿಂದ ಹಿಡಿದು ತೋರಿಸಿದರು. ಸುಳ್ಳು ಸಂದೇಶ ಕಳಿಸಿ, ಓಡುತ್ತಿರುವ ಕಾರಿನಲ್ಲಿ ಗಾಳಿ ಕಡಿಮೆ ಅನ್ನುವ ದೀಪವನ್ನೂ ಹೊತ್ತಿಸಿದರು. ಗುಟ್ಟೂ ಉಳಿಯಲಿಲ್ಲ, ನಂಬಿಕೆಯೂ ಉಳಿಯಲಿಲ್ಲ. ಟೈರ್ ಗಾಳಿಯ ವಿಷಯದಲ್ಲೇ ಹೀಗಾದರೆ ಇದರಲ್ಲಿ ಹೇಗೆ?

ರೇಡಿಯೋ ಕೆಲಸದವ · ಭಾನುವಾರ, ಮಧ್ಯಾಹ್ನ 12:30

ಮೇಡಂ, ಹೆಬ್ಬೆಟ್ಟಿನ ಮಾತು ಸರಿಯಾಗಿ ಹೇಳಿದಿರಿ. ಅದಕ್ಕೇ ಗಾಡಿಗೆ ಒಂದೇ ಸಹಿ ಕೊಡುವುದಿಲ್ಲ.

ಬಸ್ ಟಿಕೆಟ್ ನೆನಪಿಸಿಕೊಳ್ಳಿ. ಚೆಕಿಂಗಿನವರು ಬಂದಾಗ ತೋರಿಸುತ್ತೀರಿ. ಇವರು ದುಡ್ಡು ಕೊಟ್ಟು ಹತ್ತಿದವರು ಅಂತ ಅವರಿಗೆ ಗೊತ್ತಾಗುತ್ತದೆ. ನೀವು ಯಾರು ಅಂತ ಗೊತ್ತಾಗುವುದಿಲ್ಲ. ಯುರೋಪಿನ ಪದ್ಧತಿಯಲ್ಲಿ ಇದನ್ನು ಕರೆಯುವುದೇ ಟಿಕೆಟ್ ಅಂತ. ಅಮೆರಿಕದ ವಿನ್ಯಾಸದಲ್ಲಿ ಗಾಡಿಗೆ ವಾರಕ್ಕೆ 20 ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಒಂದೊಂದೂ ಒಂದು ತಾತ್ಕಾಲಿಕ ಹೆಸರಿದ್ದ ಹಾಗೆ, ಒಂದೊಂದಕ್ಕೂ ಬೇರೆ ಸಹಿ. ಗಾಡಿ ಅವನ್ನು ಐದೈದು ನಿಮಿಷಕ್ಕೆ ಬದಲಾಯಿಸುತ್ತಾ ಹೋಗುತ್ತದೆ. ಮುಂದಿನ ವಾರ ಬೇರೆ 20. ವರ್ಷಕ್ಕೆ ಸಾವಿರದ ಚಿಲ್ಲರೆ ಆಯಿತು. 30 ಕೋಟಿ ಗಾಡಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ 30,000 ಕೋಟಿ ಪ್ರಮಾಣಪತ್ರ. ಇಷ್ಟು ದೊಡ್ಡ ಪ್ರಮಾಣದಲ್ಲಿ ಪ್ರಮಾಣಪತ್ರ ಹಂಚುವುದನ್ನು ಲೆಕ್ಕಕ್ಕಿಟ್ಟುಕೊಂಡೇ ಅದನ್ನು ಕಟ್ಟಿದ್ದು.

ಸಹಿ ಬದಲಾಯಿಸುವಾಗ ಸಂದೇಶದ ಕ್ರಮಸಂಖ್ಯೆ, ರೇಡಿಯೋದ ವಿಳಾಸ ಎಲ್ಲವೂ ಒಟ್ಟಿಗೇ ಬದಲಾಗಬೇಕು. ಒಂದನ್ನು ಮರೆತರೂ ಹಳೆಯ ಹೆಸರು ಹೊಸ ಹೆಸರಿಗೆ ಅಂಟಿಕೊಂಡುಬಿಡುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಟೆಸ್ಟಿಂಗಿನಲ್ಲಿ ಇದೇ ತಪ್ಪು ಹಿಡಿದೆ. ಸಹಿ ಬದಲಾಗಿತ್ತು, ಕ್ರಮಸಂಖ್ಯೆ ಮಾತ್ರ 61, 62, 63 ಅಂತ ಹಾಗೇ ಮುಂದುವರಿದಿತ್ತು. ಪರದೆ ಮೇಲೆ ಆ ಸಾಲು ನೋಡಿದಾಗಲೇ ನನಗೆ ಈ ಕೆಲಸದ ಭಾರ ಅರ್ಥವಾಗಿದ್ದು.

ಚಲನ್ ಬಂದವನು · ಭಾನುವಾರ, ಮಧ್ಯಾಹ್ನ 2:15

ನನ್ನದು ಉಲ್ಟಾ ಕಷ್ಟ. ಹೋದ ವರ್ಷ ಮೊಬೈಲಿಗೆ ಚಲನ್ ಬಂತು. ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿದ್ದಕ್ಕೆ ದಂಡ. ಆ ದಿನ ನನ್ನ ಸ್ಕೂಟರ್ ಮನೆಯಲ್ಲೇ ಪಂಕ್ಚರ್ ಆಗಿ ನಿಂತಿತ್ತು. ಚಲನ್ ಜೊತೆಗಿದ್ದ ಫೋಟೋ ತೆರೆದು ನೋಡಿದರೆ ಗಾಡಿ ಕೆಂಪು. ನನ್ನದು ಬೂದು. ನಂಬರ್ ಮಾತ್ರ ನನ್ನದೇ. ಯಾರೋ ನನ್ನ ನಂಬರ್ ಬರೆಸಿಕೊಂಡು ಓಡಾಡುತ್ತಿದ್ದಾರೆ. ನಾಲ್ಕು ಸಲ ಅಲೆದೆ, ಎರಡು ದಿನದ ಸಂಬಳ ಹೋಯಿತು. ಆ ಮನುಷ್ಯ ಇವತ್ತಿಗೂ ಸಿಕ್ಕಿಲ್ಲ.

ನಂಬರ್ ಪ್ಲೇಟ್ ಎದುರಿಗೇ ಇದ್ದಾಗ ಹೀಗೆ. ಇನ್ನು ಐದು ನಿಮಿಷಕ್ಕೊಮ್ಮೆ ಹೆಸರು ಬದಲಾಯಿಸುವ ಗಾಡಿಯನ್ನು ಯಾರು ಹಿಡಿಯುತ್ತಾರೆ? ಗುಟ್ಟು ಗುಟ್ಟು ಅಂದುಕೊಂಡು ಕಳ್ಳರಿಗೆ ಮುಸುಕು ಹೊಲಿದು ಕೊಟ್ಟ ಹಾಗಾಗುತ್ತದೆ. ಒಂದೇ ಗಾಡಿ ಕೈಯಲ್ಲಿ 20 ಹೆಸರಿದ್ದರೆ, ಅದು 20 ಗಾಡಿ ಇದ್ದ ಹಾಗೆ ನಟಿಸಬಹುದಲ್ಲ?

ರೇಡಿಯೋ ಕೆಲಸದವ · ಭಾನುವಾರ, ರಾತ್ರಿ 9:10

ನಟಿಸಬಹುದು. ಖಾಲಿ ರಸ್ತೆಯಲ್ಲಿ ಜಾಮ್ ಇದೆ ಅಂತ ತೋರಿಸಿ ಎಲ್ಲರನ್ನೂ ಬೇರೆ ದಾರಿಗೆ ಕಳಿಸಬಹುದು. ಇದಕ್ಕೆ ಸಿಬಿಲ್ (Sybil) ದಾಳಿ ಅಂತ ಹೆಸರೇ ಇದೆ. ಕೈಯಲ್ಲಿ ಹೆಚ್ಚು ಹೆಸರು ಕೊಟ್ಟಷ್ಟೂ ಗುಟ್ಟು ಗಟ್ಟಿ, ಮೋಸಕ್ಕೂ ದಾರಿ ಜಾಸ್ತಿ. 20 ಅನ್ನುವುದು ಈ ಜಗ್ಗಾಟದಲ್ಲಿ ಸಿಕ್ಕ ಒಂದು ಒಪ್ಪಂದ.

ಆದರೆ ಹಿಡಿಯುವ ದಾರಿ ಇದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ವಿನ್ಯಾಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಬ್ಯಾಂಕ್ ಲಾಕರಿಗೆ ಎರಡು ಕೀಲಿ ಇರುತ್ತದೆ. ಒಂದರಿಂದ ತೆರೆಯುವುದಿಲ್ಲ. ಇಲ್ಲೂ ಹಾಗೇ. ಎರಡು ಬೇರೆ ಬೇರೆ ಸಂಸ್ಥೆಗಳು ಪ್ರತಿ ಗಾಡಿಗೂ ಒಂದೊಂದು ಗುಪ್ತ ಬೀಜಸಂಖ್ಯೆ ಇಟ್ಟುಕೊಂಡಿರುತ್ತವೆ. ಆ ಎರಡನ್ನೂ ಬೆರೆಸಿದ ಒಂದು ಗುರುತು ಪ್ರತಿ ಪ್ರಮಾಣಪತ್ರದೊಳಗೆ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಅದು ಅರ್ಥವಿಲ್ಲದ ಅಂಕಿ. ಪ್ರಮಾಣಪತ್ರಕ್ಕೆ ಅರ್ಜಿ ತಗೊಳ್ಳುವವರು ಮತ್ತೊಂದು ಸಂಸ್ಥೆ, ಅಚ್ಚು ಹಾಕುವವರು ಇನ್ನೊಂದು. ಅರ್ಜಿ ತಗೊಂಡವರಿಗೆ ಗಾಡಿ ಗೊತ್ತು, ಒಳಗಿನ ಪ್ರಮಾಣಪತ್ರ ಕಾಣುವುದಿಲ್ಲ. ಅಚ್ಚು ಹಾಕುವವರಿಗೆ ಪ್ರಮಾಣಪತ್ರ ಕಾಣುತ್ತದೆ, ಯಾವ ಗಾಡಿಗೆ ಅಂತ ಗೊತ್ತಿಲ್ಲ. ನಡುವೆ ಸಾವಿರಾರು ಗಾಡಿಗಳ ಅರ್ಜಿಯನ್ನು ಇಸ್ಪೀಟ್ ಎಲೆಗಳ ಹಾಗೆ ಕಲೆಸಿಬಿಡುತ್ತಾರೆ.

ಈಗ ಒಂದು ಗಾಡಿ ಸುಳ್ಳು ಹೇಳಿತು ಅನ್ನಿ. ಸುತ್ತಲಿನ ಗಾಡಿಗಳಿಗೆ ಅನುಮಾನ ಬರುತ್ತದೆ: ಇದು ಇರುವ ಜಾಗ ಅಂತ ಹೇಳುತ್ತಿರುವಲ್ಲಿ ನಾನೇ ಇದ್ದೇನಲ್ಲ! ಅವು ದೂರು ಕಳಿಸುತ್ತವೆ. ದೂರು ನೋಡುವ ಸಂಸ್ಥೆ ಹಲವು ದೂರು ಒಟ್ಟಿಗೆ ಇಟ್ಟು ನೋಡಿ, ಇದು ಒಂದೇ ಗಾಡಿಯ ಕೆಲಸ ಅಂತ ಖಾತ್ರಿ ಮಾಡಿಕೊಳ್ಳಬೇಕಾದರೆ ಎಲ್ಲ ಸಂಸ್ಥೆಗಳೂ ಒಪ್ಪಿ ತಮ್ಮ ಪಾಲು ಕೊಡಬೇಕು. ಖಾತ್ರಿಯಾದ ಮೇಲೆ ಆ ವಾರದ ಎರಡು ಬೀಜಸಂಖ್ಯೆಗಳನ್ನು ಎಲ್ಲ ಗಾಡಿಗಳಿಗೂ ಸಾರುತ್ತಾರೆ. ಅಲ್ಲಿಂದ ಮುಂದೆ ಆ ಗಾಡಿಯ ಎಲ್ಲ ತಾತ್ಕಾಲಿಕ ಹೆಸರುಗಳನ್ನೂ ಪ್ರತಿ ಗಾಡಿ ತಾನೇ ಲೆಕ್ಕ ಹಾಕಿ ತಳ್ಳಿಹಾಕುತ್ತದೆ.

ಹಿಂದಿನ ವಾರದ ಹೆಸರುಗಳು? ಅವು ಸಿಗುವುದಿಲ್ಲ. ಈ ವಾರದ ಬೀಜವನ್ನು ಬೀಸಿ ಮುಂದಿನ ವಾರದ ಬೀಜ ಮಾಡುತ್ತಾರೆ. ರಾಗಿ ಬೀಸಿದರೆ ಹಿಟ್ಟು. ಹಿಟ್ಟಿನಿಂದ ಮತ್ತೆ ರಾಗಿ ಬರುವುದಿಲ್ಲ. ಅಂದರೆ ತಪ್ಪು ಮಾಡಿದ ಗಾಡಿ ಇವತ್ತಿನಿಂದ ಸಿಕ್ಕಿಬೀಳುತ್ತದೆ. ಅದರ ಹಳೆಯ ಓಡಾಟ, ಆಸ್ಪತ್ರೆಗೆ ಹೋಗಿದ್ದೋ ದೇವಸ್ಥಾನಕ್ಕೆ ಹೋಗಿದ್ದೋ, ಆ ಸಾರಿದ ಅಂಕಿಗಳಿಂದ ಯಾರಿಗೂ ತಿಳಿಯುವುದಿಲ್ಲ. ತಪ್ಪು ಮಾಡಿದವರ ಹಳೆಯ ಬದುಕನ್ನೂ ಕಾಪಾಡಬೇಕು ಅಂತ ಯೋಚಿಸಿ ಇದನ್ನು ಕಟ್ಟಿದ್ದಾರೆ. ನನಗೆ ಇದು ದೊಡ್ಡ ಮಾತು.

ಚಲನ್ ಬಂದವನು · ಭಾನುವಾರ, ರಾತ್ರಿ 9:48

ಎರಡು ಸಲ ಓದಿದೆ. ರಾಗಿ ಉದಾಹರಣೆಯಿಂದ ಅರ್ಥವಾಯಿತು. ಆದರೆ ಕೊನೆಗೆ ಆ ಮನುಷ್ಯನ ಹೆಸರು ಸಿಗುತ್ತದಾ? ದಂಡ ಕಟ್ಟುವವರು ಯಾರು?

ರೇಡಿಯೋ ಕೆಲಸದವ · ಭಾನುವಾರ, ರಾತ್ರಿ 10:02

ಆ ಅಮೆರಿಕದ ವಿನ್ಯಾಸದಲ್ಲಿ ಹೆಸರು ಸಿಗುವುದಿಲ್ಲ. ಸುಳ್ಳು ಹೇಳುವ ಯಂತ್ರವನ್ನು ಮಾತುಕತೆಯಿಂದ ಹೊರಗೆ ಹಾಕುವುದಷ್ಟೇ ಅದರ ಕೆಲಸ. ದಂಡ ಹಾಕುವುದಕ್ಕೆ ಅದನ್ನು ಕಟ್ಟಿಲ್ಲ. ಆ ವ್ಯವಸ್ಥೆಯೊಳಗೆ ಮಾಲೀಕರ ಹೆಸರನ್ನು ಇಟ್ಟೇ ಇಲ್ಲ.

ಬೇರೆ ಯೋಚನೆಯೂ ಇತ್ತು. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಹ್ಯೂಬೋ ಮತ್ತು ಸಂಗಡಿಗರು 2004ರಲ್ಲೇ ಎಲೆಕ್ಟ್ರಾನಿಕ್ ನಂಬರ್ ಪ್ಲೇಟ್ ಬಗ್ಗೆ ಬರೆದರು. ಆಮೇಲೆ ಅದೇ ಬಳಗ ತಾತ್ಕಾಲಿಕ ಕೀಲಿಗಳ ದಾರಿ ತೋರಿಸಿತು. ಅಪಘಾತವಾಗಿ ಹೊಣೆ ಯಾರದು ಅನ್ನುವ ಪ್ರಶ್ನೆ ಬಂದಾಗ ಮಾತ್ರ ಕಾನೂನಿನ ಮೂಲಕ ಅಸಲಿ ಗುರುತು ತೆರೆಯಬಹುದು ಅಂತ ಅವರ ಯೋಚನೆ. ನಿಮ್ಮ ಸಂಕಟಕ್ಕೆ ಒಂದು ಮಾತು ಮಾತ್ರ ಹೇಳಬಲ್ಲೆ: ಪ್ಲೇಟನ್ನು ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಗಾಡಿಯ ಚಿಪ್ಪಿನೊಳಗಿರುವ ಕೀಲಿಯನ್ನು ಹಾಗೆ ನಕಲು ಮಾಡುವುದು ತುಂಬಾ ಕಷ್ಟ.

ಮ್ಯೂನಿಕ್ ಕನ್ನಡತಿ · ಸೋಮವಾರ, ಬೆಳಗಿನ ಜಾವ 1:30

ಇಲ್ಲಿ ಜರ್ಮನಿಯಲ್ಲಿ ಇದು ಆಗಲೇ ರಸ್ತೆ ಮೇಲಿದೆ. 2019ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಕಂಪನಿಯ ಎಂಟನೇ ತಲೆಮಾರಿನ ಗಾಲ್ಫ್ ಕಾರಿನಿಂದ ವಿ2ವಿ ಜೊತೆಗೇ ಬರುತ್ತಿದೆ. ನಮ್ಮ ಪಕ್ಕದ ಮನೆಯವರ ಕಾರಿನಲ್ಲಿ ಕೂತಾಗ ನೋಡಿದೆ, ಮುಂದೆ ಕೆಟ್ಟು ನಿಂತ ಗಾಡಿಯ ಎಚ್ಚರಿಕೆ ಪರದೆ ಮೇಲೆ ಬಂತು. ಗಾಡಿ ಕಣ್ಣಿಗೆ ಕಂಡಿದ್ದು ಆಮೇಲೆ.

ಯುರೋಪಿನಲ್ಲಿ ಸುಳ್ಳು ಹೇಳಿದ ಗಾಡಿಯ ಟಿಕೆಟುಗಳನ್ನು ಎಲ್ಲರಿಗೂ ಸಾರುವುದಿಲ್ಲ. ಟಿಕೆಟ್ ಒಂದು ವಾರಕ್ಕೆ ಮಾತ್ರ ನಡೆಯುತ್ತದೆ, ಮೂರು ತಿಂಗಳಿಗಾಗುವಷ್ಟು ಮಾತ್ರ ಮುಂಚೆ ತುಂಬಿಸಬಹುದು. ತಪ್ಪು ಮಾಡಿದ ಗಾಡಿಗೆ ಹೊಸ ಟಿಕೆಟ್ ಕೊಡುವುದು ನಿಲ್ಲಿಸುತ್ತಾರೆ. ಅಂದರೆ ಇರುವ ಟಿಕೆಟ್ ಮುಗಿಯುವ ತನಕ ಅದು ಮಾತಾಡುತ್ತಲೇ ಇರಬಹುದು. ನನಗೆ ಇದು ಸಮಾಧಾನ ಕೊಡುವುದಿಲ್ಲ.

ಗುಟ್ಟಿನ ವಿಷಯದಲ್ಲಿ ಮಾತ್ರ ಇಲ್ಲಿಯವರು ಬಿಗಿ. ಹೆಸರಿಲ್ಲದಿದ್ದರೂ ಈ ಸಂದೇಶಗಳು ವೈಯಕ್ತಿಕ ಮಾಹಿತಿಯೇ ಅಂತ ಯುರೋಪಿನ ಮಾಹಿತಿ ರಕ್ಷಣಾ ಅಧಿಕಾರಿಗಳ ಕೂಟ 2017ರಲ್ಲೇ ಹೇಳಿತು. ಹಾಸನದ ಹುಡುಗಿ ಗೇಟಿನ ಬಗ್ಗೆ ಹೇಳಿದ ಮಾತು ಅದೇ.

ಹಾಸನದ ಹುಡುಗಿ · ಸೋಮವಾರ, ಬೆಳಿಗ್ಗೆ 7:55

ಥ್ಯಾಂಕ್ಸ್ ಅಕ್ಕ. ಆದರೂ ನನ್ನ ಅನುಮಾನ ಹೋಗಿಲ್ಲ.

ರಾತ್ರಿ ಎರಡು ಗಂಟೆ. ಶಿರಾಡಿ ಘಾಟಿಯಲ್ಲಿ ನನ್ನದೊಂದೇ ಕಾರು. ಒಂದು ಕ್ಷಣ ಹೆಸರು ಅ. ಮರುಕ್ಷಣ ಹೆಸರು ಆ. ಜಾಗ ಅದೇ, ವೇಗ ಅದೇ, ಉದ್ದ ಅಗಲ ಅದೇ. ಯಾರನ್ನು ಏಮಾರಿಸಿದ ಹಾಗಾಯಿತು? ಜಾತ್ರೆಯಲ್ಲಿ ಸೀರೆ ಬದಲಾಯಿಸಿದರೆ ಕಳೆದುಹೋಗಬಹುದು. ಖಾಲಿ ಬಯಲಲ್ಲಿ ಬದಲಾಯಿಸಿದರೆ ಏನು ಬಂತು?

ರೇಡಿಯೋ ಕೆಲಸದವ · ಸೋಮವಾರ, ಮಧ್ಯಾಹ್ನ 1:20

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. 2010ರಲ್ಲಿ ಯುರೋಪಿನ ಸಂಶೋಧಕರು ತೋರಿಸಿದ್ದು ಇದನ್ನೇ: ಎಲ್ಲವನ್ನೂ ಕೇಳಿಸಿಕೊಳ್ಳುವ ಒಬ್ಬ ಇದ್ದರೆ, ಬರೀ ಹೆಸರು ಬದಲಾಯಿಸುವುದು ಸಾಲದು.

ಒಂದು ದಾರಿ, ಹೆಸರು ಬದಲಾಯಿಸುವ ಮೊದಲು ಸ್ವಲ್ಪ ಹೊತ್ತು ಸುಮ್ಮನಿರುವುದು. ವೇಗ ಗಂಟೆಗೆ 30 ಕಿಲೋಮೀಟರಿಗಿಂತ ಕಡಿಮೆಯಾದಾಗ ಬಾಯಿ ಮುಚ್ಚಿ, ಸಿಗ್ನಲ್ ಜನಜಂಗುಳಿಯಲ್ಲಿ ಹೆಸರು ಬದಲಾಯಿಸಿ ಹೊರಬರಲಿ ಅಂತ ಹಂಗೆರಿಯ ಸಂಶೋಧಕರು 2009ರಲ್ಲಿ ಹೇಳಿದರು. ನಿಧಾನವಾಗಿ ಹೋಗುವಾಗ ದೊಡ್ಡ ಅಪಘಾತ ಕಡಿಮೆ ಅನ್ನುವ ಲೆಕ್ಕ. ಆದರೆ ನಮ್ಮಲ್ಲಿ ಆ ಸಿಗ್ನಲ್ಲಿನಲ್ಲೇ ಶಾಲೆ ಮಕ್ಕಳು ರಸ್ತೆ ದಾಟುತ್ತಿರುತ್ತಾರೆ. ನಾನಾದರೆ ಅಲ್ಲಿ ಗಾಡಿಯ ಬಾಯಿ ಮುಚ್ಚಿಸುವುದಿಲ್ಲ. ಜೀವ ಮೊದಲು.

ಮತ್ತೆ, ಶಿರಾಡಿಯುದ್ದಕ್ಕೂ ಕಿವಿ ಇಟ್ಟುಕೊಂಡು ಕೂರುವುದು ಒಬ್ಬಂಟಿ ಕಳ್ಳನಿಗೆ ಕಷ್ಟ. ರಸ್ತೆಬದಿಯಲ್ಲಿ ಕಂಬ ನೆಡುವ ಅಧಿಕಾರ ಇರುವವರಿಗೆ ಸುಲಭ.

ಹಳದಿ ಬೋರ್ಡ್ · ಸೋಮವಾರ, ರಾತ್ರಿ 11:40

ನಾನು ಟ್ಯಾಕ್ಸಿ ಓಡಿಸುತ್ತೇನೆ. ಈಗಷ್ಟೇ ಏರ್‌ಪೋರ್ಟ್ ಡ್ರಾಪ್ ಮುಗಿಸಿ ಕೂತೆ.

ನಿಮ್ಮೆಲ್ಲರ ಭಯ ನಮಗೆ ಹಳೆಯದು. ನಮ್ಮ ಗಾಡಿಗೆ ಟ್ರ್ಯಾಕಿಂಗ್ ಡಬ್ಬಿ ಇದೆ, ಎಐಎಸ್ 140 ಅಂತ. ಪ್ಯಾನಿಕ್ ಬಟನ್ ಇದೆ. ಬಟನ್ ಇರುವುದು ಒಳ್ಳೆಯದೇ, ರಾತ್ರಿ ಒಬ್ಬರೇ ಬರುವ ಹೆಣ್ಣುಮಕ್ಕಳು ಅದನ್ನು ನೋಡಿ ಸ್ವಲ್ಪ ಧೈರ್ಯವಾಗಿ ಕೂರುತ್ತಾರೆ. ನನ್ನ ಮಗಳೂ ಕ್ಯಾಬಿನಲ್ಲಿ ಓಡಾಡುತ್ತಾಳೆ. ಅದಕ್ಕೆ ನಾನು ವಿರೋಧ ಇಲ್ಲ.

ಆದರೆ ಮೊದಲು ಒಬ್ಬರ ಗಾಡಿ ಓಡಿಸುತ್ತಿದ್ದೆ. ಒಂದು ದಿನ ಅವರು ಕೇಳಿದರು, "ನಿನ್ನೆ ಮಧ್ಯಾಹ್ನ 40 ನಿಮಿಷ ಎಲ್ಲಿ ಸತ್ತಿದ್ದೆ?" ಅವತ್ತು ನನ್ನ ತಂದೆಯ ತಿಥಿ. ಮನೆಗೆ ಹೋಗಿ ಎಡೆಗೆ ಕೈಮುಗಿದು ಬಂದಿದ್ದೆ. ಅದನ್ನು ಅವರಿಗೆ ವಿವರಿಸಬೇಕಾಯಿತಲ್ಲ, ಆ ನೋವು ಇನ್ನೂ ಇದೆ. ಜೀವ ಉಳಿಸುವುದಕ್ಕೆ ಹಾಕಿದ ಡಬ್ಬಿ ಲೆಕ್ಕ ಕೇಳುವುದಕ್ಕೆ ಬಳಕೆಯಾಯಿತು. ಹೊಸ ಡಬ್ಬಿ ಬರುವಾಗ ಇದನ್ನು ಯಾರಾದರೂ ಕೇಳುತ್ತಾರಾ?

ಕೋರ್ಟ್ ಹಾದಿ · ಮಂಗಳವಾರ, ಬೆಳಿಗ್ಗೆ 8:30

ಹಳದಿ ಬೋರ್ಡ್ ಅವರೇ, ನಿಮ್ಮ ಮಾತು ಓದಿ ಸುಮ್ಮನಿರಲಾಗಲಿಲ್ಲ. ಕೇಳುವ ಹಕ್ಕು ನಿಮಗಿದೆ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದ ಕೆ. ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಸರ್ಕಾರ ಈ ಹಕ್ಕಿಗೆ ಕೈ ಹಾಕಬೇಕಾದರೆ ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಅಪಘಾತ ತಪ್ಪಿಸಲು 300 ಮೀಟರ್ ಸುತ್ತ ಕೇಳಿಸಿದರೆ ಸಾಕು. ಅದನ್ನು ವರ್ಷಗಟ್ಟಲೆ ಕೂಡಿಡುವುದು ತಕ್ಕಷ್ಟು ಅಲ್ಲ.

ಆದರೆ ನಮ್ಮ ಹಿಂದಿನ ಅನುಭವ ಚೆನ್ನಾಗಿಲ್ಲ. 2019ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಾಹನ ನೋಂದಣಿ ಮಾಹಿತಿಯನ್ನು ದುಡ್ಡಿಗೆ ಸಗಟಾಗಿ ಕೊಡುವ ನೀತಿಯನ್ನೇ ತಂದಿತ್ತು. 2020ರಲ್ಲಿ ಅದನ್ನು ಕೈಬಿಟ್ಟರು. 2023ರ ಮಾಹಿತಿ ರಕ್ಷಣಾ ಕಾಯ್ದೆ ಬಂತು, ಆದರೆ ಅದರಲ್ಲಿ ಸರ್ಕಾರದ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ದೊಡ್ಡ ಬಾಗಿಲು ತೆರೆದಿಟ್ಟಿದ್ದಾರೆ.

ಹಾಗಾಗಿ ರೇಡಿಯೋ ಕೆಲಸದವರಿಗೆ ನನ್ನ ಪ್ರಶ್ನೆ ಒಂದೇ. ಆ ಎರಡು ಕೀಲಿ ನಮ್ಮ ದೇಶದಲ್ಲಿ ಯಾರ ಕೈಯಲ್ಲಿ ಇರಬೇಕು? ಎರಡೂ ಒಂದೇ ಸಚಿವಾಲಯದ ಎರಡು ಕೊಠಡಿಯಲ್ಲಿದ್ದರೆ, ಒಂದು ಸಹಿಯಲ್ಲಿ ಲಾಕರ್ ತೆರೆಯುತ್ತದೆ. ಗಣಿತ ಎಷ್ಟು ಚೆನ್ನಾಗಿದ್ದರೂ ಆಗ ಅದು ಒಂದೇ ಕೀಲಿ.

ಚಲನ್ ಬಂದವನು · ಮಂಗಳವಾರ, ಬೆಳಿಗ್ಗೆ 10:10

ನನ್ನದೂ ಒಂದು ಸೇರಿಸಿ. ನನ್ನ ಗಾಡಿಯ ಮೇಲೆ ತಪ್ಪು ದೂರು ಹೋಗಿ, ಅದನ್ನು ಹೊರಗೆ ಹಾಕಿದರೆ? ಮತ್ತೆ ನಾಲ್ಕು ಸಲ ಅಲೆಯುವುದು ನಾನೇನಾ?

ರೇಡಿಯೋ ಕೆಲಸದವ · ಮಂಗಳವಾರ, ರಾತ್ರಿ 8:45

ಇಬ್ಬರಿಗೂ ಒಟ್ಟಿಗೆ.

ತಪ್ಪು ದೂರು ಹೋಗುವುದು ಸಾಧ್ಯ. ಫ್ಲೈಓವರ್ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ತಪ್ಪು ಜಾಗ ತೋರಿಸುತ್ತದೆ. ಗಾಡಿ ಬೇಕಂತ ಸುಳ್ಳು ಹೇಳಿಲ್ಲ, ಆದರೆ ಸುಳ್ಳು ಹೇಳಿದ ಹಾಗೆ ಕಾಣುತ್ತದೆ. ಅದಕ್ಕೇ ಒಂದೆರಡು ದೂರಿಗೆ ಹೊರಗೆ ಹಾಕಬಾರದು. ಹೊರಗೆ ಹಾಕಿದರೆ ಮಾಲೀಕರಿಗೆ ಕಾರಣ ಗೊತ್ತಾಗಬೇಕು, ಸರ್ವಿಸ್ ಸೆಂಟರಿನಲ್ಲಿ ಪರೀಕ್ಷೆ ಮಾಡಿಸಿ ವಾಪಸ್ ಬರುವ ದಾರಿ ಇರಬೇಕು. ಮೇಲ್ಮನವಿ ಯಾರ ಹತ್ತಿರ ಅಂತ ಯಾವ ಗಣಿತವೂ ಹೇಳುವುದಿಲ್ಲ. ಅದನ್ನು ನಿಯಮದಲ್ಲಿ ಬರೆಯಬೇಕು.

ಕೀಲಿಯ ವಿಷಯ. ಕೋರ್ಟ್ ಹಾದಿಯವರು ಹೇಳಿದ್ದು ನೂರಕ್ಕೆ ನೂರು ನಿಜ. ಕೀಲಿ ಹಿಡಿದವರು ನಿಜವಾಗಿಯೂ ಬೇರೆ ಬೇರೆಯವರಾಗಿರಬೇಕು, ಒಬ್ಬರ ಮೇಲೆ ಇನ್ನೊಬ್ಬರಿಗೆ ಅಧಿಕಾರ ಇರಬಾರದು. ಇದಿಲ್ಲದಿದ್ದರೆ ನಾನು ಭಾನುವಾರ ಬರೆದಿದ್ದಕ್ಕೆಲ್ಲ ಬೆಲೆ ಇಲ್ಲ.

ಹಳದಿ ಬೋರ್ಡ್ · ಮಂಗಳವಾರ, ರಾತ್ರಿ 11:15

ಸರ್, ಕೀಲಿ ಎರಡೇ ಇರಬೇಕಾ? ಮೂರನೆಯದು ನಮ್ಮ ಚಾಲಕರ ಸಂಘದ ಹತ್ತಿರ ಇಡಬಹುದಾ?

ರೇಡಿಯೋ ಕೆಲಸದವ · ಮಂಗಳವಾರ, ರಾತ್ರಿ 11:32

ಲೆಕ್ಕದ ಮಟ್ಟಿಗೆ ಮೂರು ಕೀಲಿ ಮಾಡಬಹುದು, ಅಡ್ಡಿಯಿಲ್ಲ. ಅದನ್ನು ಕಳೆಯದ ಹಾಗೆ, ಕದಿಯದ ಹಾಗೆ ಕಾಯುವ ಯಂತ್ರ ಮತ್ತು ಜನ ಸಂಘದ ಹತ್ತಿರ ಇರಬೇಕು. ಖರ್ಚಿನ ಕೆಲಸ. ಆದರೆ ಒಂಬತ್ತು ವರ್ಷದಲ್ಲಿ ನಮ್ಮ ಮೀಟಿಂಗಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಕೋರ್ಟ್ ಹಾದಿ · ಬುಧವಾರ, ಬೆಳಿಗ್ಗೆ 7:20

ಮೋಟಾರು ವಾಹನ ಕಾಯ್ದೆಯ ಕೆಳಗೆ ನಿಯಮ ಮಾಡುವಾಗ ಕರಡನ್ನು ಮೊದಲು ಪ್ರಕಟಿಸಬೇಕು. ಆಕ್ಷೇಪಣೆ, ಸಲಹೆ ಕೊಡಲು ಸಮಯ ಕೊಡುತ್ತಾರೆ. ವಿ2ವಿ ನಿಯಮದ ಕರಡು ಬಂದ ದಿನ ನಾನು ಇಲ್ಲೇ ಹಾಕುತ್ತೇನೆ. ಮೂರನೇ ಕೀಲಿ, ಮೇಲ್ಮನವಿ, ಎಷ್ಟು ದಿನಕ್ಕೆ ಮಾಹಿತಿ ಅಳಿಸಬೇಕು, ಮೂರನ್ನೂ ಬರೆಯೋಣ.

ಹಳದಿ ಬೋರ್ಡ್ · ಬುಧವಾರ, ಬೆಳಿಗ್ಗೆ 7:41

ಕನ್ನಡದಲ್ಲಿ ಬರೆದು ಕೊಡಿ ಸರ್. ನಮ್ಮ ಸ್ಟ್ಯಾಂಡಿನಲ್ಲಿ 60 ಜನ ಇದ್ದೇವೆ. ಎಲ್ಲರಿಗೂ ಓದಿ ಹೇಳಿ ಸಹಿ ಹಾಕಿಸುತ್ತೇನೆ. ತಿಥಿ ದಿನದ ವಿಷಯವನ್ನೂ ಸೇರಿಸಿ, ನನ್ನ ಹೆಸರು ಬೇಡ.